ಎಡಗಡೆಯ ಬಾಗಿಲು

ಮುದುಕಿ ಸುಳ್ಳು ಹೇಳುತ್ತಿಲ್ಲ. ಆದರೆ ಪೂರ್ತಿ ನಿಜವನ್ನೂ ಹೇಳುತ್ತಿಲ್ಲ. ಲಾರಿಯ ಆ ಬಾಗಿಲಿನ ಮೇಲೆ ಏನೋ ಆಸೆ ಇರಬೇಕು. ಸತ್ತ ಗಂಡನ ನೆನಪೇನೋ. ಹಾಗಿದ್ದರೆ ಹಾಗೆಂದೇ ಹೇಳಬಹುದಿತ್ತಲ್ಲ? ನೆನಪಿಗೆಂದು ಇಟ್ಟುಕೊಂಡದ್ದನ್ನು ಯಾರಾದರೂ ಇಷ್ಟು ದೂರ ನಿಂತು, ಮೂಗಿಗೆ ಸೆರಗು ಒತ್ತಿಕೊಂಡು ನೋಡುತ್ತಾರೆಯೇ?

ದೌಲತರಾಯ ಜಾಲಿಯ ಕಂಟಿಯಲ್ಲಿ ಮುಳುಗಿದ್ದ ಲಾರಿಯನ್ನು ಇನ್ನೊಮ್ಮೆ ಸುತ್ತು ಹಾಕಿದ. ಗೊಬ್ಬೂರಿನ ಈ ಹೊಲದ ಬದುವಿನಲ್ಲಿ ಅದು ಎಷ್ಟೋ ವರ್ಷಗಳಿಂದ ಬಿದ್ದಿತ್ತು. ಎಂಜಿನ್ನು, ಗಾಲಿಗಳನ್ನು ಯಾರೋ ಯಾವಾಗಲೋ ಒಯ್ದಿದ್ದರು. ಗುಂಡನೆಯ ಮೂತಿ, ಕಪ್ಪೆಗಣ್ಣಿನಂಥ ದೀಪದ ಗೂಡುಗಳು, ಮುದ್ದೆ ಕಟ್ಟಿದಂತೆ ಉಬ್ಬಿದ ಮಡ್‌ಗಾರ್ಡುಗಳು ಉಳಿದಿದ್ದವು. ಅವನಿಗೆ ಬೇಕಾದದ್ದೂ ಅಷ್ಟೇ. ಆಳಂದದ ಈ ಬಿ.ಎಸ್ಸಿ. ಪದವೀಧರ ಸೊಲ್ಲಾಪುರದ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ಮದುವೆಯಾಗಿ, ಎಂಬತ್ತಾರರ ಬೇಸಿಗೆಯಲ್ಲಿ ಅಫಜಲಪುರಕ್ಕೆ ಬಂದಿದ್ದ. ಮನೆಯ ಹಿತ್ತಲಿನ ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನಲ್ಲಿ ಎಂಜಿನ್ನು ಸಹಿತ ಒಂದು ಜೀಪಿನ ಚಾಸಿ ಕಾಯುತ್ತಿತ್ತು. ಅದರ ಮೇಲೆ ಈ ಹಳೆಯ ಕ್ಯಾಬಿನ್ ಕೂಡಿಸಿ, ಹಿಂದೆ ಸಾಮಾನು ಹೇರುವ ತೊಟ್ಟಿ ಕಟ್ಟಿ, ಇಡೀ ತಾಲೂಕಿನಲ್ಲಿ ಇಲ್ಲದಂಥ ಪಿಕಪ್ ಮಾಡಬೇಕೆಂಬುದು ಅವನ ಹುಚ್ಚು.

"ಗಾಡಿ ಒಯ್ಯಿ, ತಮ್ಮಾ. ರೊಕ್ಕಾನೂ ಬ್ಯಾಡ," ಎಂದಳು ಮುದುಕಿ ನಿಂಬೆವ್ವ. "ಎಡಗಡಿ ಬಾಗಲಾ ಒಂದು ಬಿಟ್ಟು ಹೋಗು."

"ಒಂದು ಕೋಡು ಮುರದು ಎತ್ತು ಕೊಟ್ಟಂಗ ಆಯ್ತಲ್ಲ, ಆಯಿ?"

"ಮನ್ಯಾಗ ಹೆಣ್ತಿ ಅದಾಳೇನು?"

"ಅದಾಳ. ಆಕಿ ಕೂಡ್ಲಿಕ್ಕೇ ಆ ಬಾಗಲಾ ಬೇಕು. ಇಲ್ಲಂದ್ರ ಊರು ದಾಟೂದ್ರಾಗ ಉದುರಿ ಬೀಳ್ತಾಳ."

ನಿಂಬೆವ್ವ ನಗಲಿಲ್ಲ. "ಆಕಿ ಕೂಡ್ತಾಳಂತನೇ ಹೇಳಾಕತ್ತೇನಿ. ಅದರಾಗ ಮಾಟದ್ದು ಅದ. ಯಾಕ, ಏನು ಅಂತ ಕೇಳಬ್ಯಾಡ."

"ಮಾಟಕ್ಕ ತುಕ್ಕು ಹತ್ತಂಗಿಲ್ಲೇನು ಆಯಿ? ನನಗ ಆ ಪೇಂಟ್ ಯಾವದಂತ ಹೇಳು, ಗಾಡಿಗೆಲ್ಲಾ ಅದನ್ನೇ ಬಳೀತೇನಿ."

ಕ್ಯಾಬಿನ್ನು ಬಾಡಿಗೆ ಟ್ರ್ಯಾಕ್ಟರಿನ ಟ್ರಾಲಿ ಏರಿದ ಮೇಲೆ ಅವಳು, ಬಿಸಿಲಾಗ ಬಂದೀದಿ ಎಂದು ನೀರು ತರಲು ಗುಡಿಸಲ ಕಡೆ ಹೋದಳು. ಅಷ್ಟರಲ್ಲಿ ಅವನು ಎಡಗಡೆಯ ಬಾಗಿಲು ಬಿಚ್ಚಿ, ಟ್ರಾಲಿಯಲ್ಲಿ ಕ್ಯಾಬಿನ್ನಿನ ಅಡಿಗೆ ನೂಕಿ, ಮೇಲೆ ಗೋಣಿಚೀಲ ಎಳೆದ. ಬಾಗಲಾ ಕಂಟ್ಯಾಗ ಒಗದೇನಿ ಎಂದು ಹೇಳಿ, ಅವಳು ಕೊಟ್ಟ ನೀರನ್ನು ಗಟಗಟನೆ ಕುಡಿದ.

ಮನೆಯಲ್ಲಿ ಹೆಂಡತಿ ಕಸ್ತೂರಿಬಾಯಿಗೆ ಗಾಡಿ ಕಂಡು ನಗು ತಡೆಯಲಾಗಲಿಲ್ಲ. "ಇದೇನ್ರಿ, ಎಮ್ಮಿ ಸತ್ತು ಒಣಗಿದಂಗದ! ಇದರಾಗ ನನ್ನ ತವರಿಗಿ ಕರ್ಕೊಂಡು ಹೋಗ್ತೀರಿ?"

"ಮುಂದಿನ ಸೀಟಿನ್ಯಾಗ ಕೂಡಿಸಿ, ಗ್ಲಾಸು ಇಳಿಸಿ."

"ನಮ್ಮ ಹಿರೋಳ್ಳಿ ಮಂದಿ ಕಲ್ಲು ಒಗೀತಾರ ನೋಡ್ರಿ," ಎಂದಳು. ಆದರೂ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ತುಕ್ಕು ಉಜ್ಜಲು ಕುಳಿತಳು. ಅವನು ನಟ್ಟು ತಿರುವುವ ಪಾನಾ ಕೇಳಿದರೆ ಬಡಿಯುವ ಹತೋಡಿ ಕೊಡುತ್ತಿದ್ದಳು, ಬೈದರೆ ಮೂತಿ ತಿರುವಿ ಎರಡನ್ನೂ ಕಸಿದುಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅವನು ಊಟವನ್ನೂ ಶೆಡ್ಡಿನಲ್ಲೇ ಮಾಡುತ್ತಿದ್ದ. ಕೈಗೆ ಗ್ರೀಸು ಮೆತ್ತಿದ್ದರಿಂದ ಅವಳೇ ತುತ್ತು ಇಡುತ್ತಿದ್ದಳು.

ಎಡಬಾಗಿಲಿನ ಒಳತಗಡು ಬಿಚ್ಚಿದ ದಿನ ಗಾಳಿಯೇ ಇರಲಿಲ್ಲ. ಮೊದಲು ಬಂದದ್ದು ವಾಸನೆ. ಮುಚ್ಚಿದ ಗಾಯದ ಪಟ್ಟಿ ಬಿಚ್ಚಿದಾಗಿನ ವಾಸನೆ. ಗಾಜು ಇಳಿಯುವ ಸಂದಿಯಲ್ಲಿ ಒಣಗಿದ ಹಲ್ಲಿ, ಕಣಜದ ಮಣ್ಣಗೂಡು, ಅದರ ಕೆಳಗೆ ಕರಿದಾರ ಸುತ್ತಿದ ಒಂದು ಸುರುಳಿ. ಸೀಸದ ತಗಡು. ಬಿಡಿಸಿದರೆ ಮೈತುಂಬ ಮೊಳೆಯಿಂದ ಗೀಚಿದ ಚೌಕದ ಮನೆಗಳು, ಅಕ್ಷರದಂಥ ಗೆರೆಗಳು. ನಡುವೆ ಉದ್ದ ಕೂದಲಿನ ಒಂದು ಗಂಟು. ಅದಕ್ಕೆ ಹತ್ತಿದ ಕೊಬ್ಬು ಹಳದಿಗಟ್ಟಿ ಕೀವಿನಂತೆ ಅಂಟಂಟಾಗಿತ್ತು.

"ಥೂ! ಒಗೀರಿ ಅದನ್ನ!"

"ಸೀಸ ಬೇ ಇದು. ಛಲೋ ಸೀಸ. ಹುಡುಕಿದ್ರೂ ಸಿಗಂಗಿಲ್ಲ."

ಕೂದಲಿನ ಗಂಟನ್ನು ಇಕ್ಕಳದಿಂದ ಹಿಡಿದು ಬೆಂಕಿಗೆ ಹಿಡಿದ. ಅದು ಚಿರ್ರೆಂದು ಮುದುಡಿತು. ತಗಡನ್ನು ಕಬ್ಬಿಣದ ಸೌಟಿನಲ್ಲಿ ಹಾಕಿ ಕರಗಿಸಿದ. ಹಳೆಯ ಮೇಸ್ತ್ರಿಗಳು ತಗ್ಗುಬಿದ್ದ ತಗಡಿಗೆ ಪುಟ್ಟಿ ಮೆತ್ತುತ್ತಿರಲಿಲ್ಲ. ತವರ ಬೆರೆಸಿದ ಸೀಸವನ್ನು ಕಾಯಿಸಿ, ಮರದ ಹಲಗೆಯಿಂದ ಬೆಣ್ಣೆಯಂತೆ ಸವರುತ್ತಿದ್ದರು. ಅದೇ ಪದ್ಧತಿಯಲ್ಲಿ ಮಾಡಬೇಕೆಂಬ ಹಟ ಅವನದು. ಹಲಗೆಗೆ ಸೀಸ ಅಂಟತೊಡಗಿತು.

"ಎಣ್ಣಿ ತಾ, ಲಗೂ!"

ಅವಳು ಒಳಗೋಡಿ ಕೈಗೆ ಸಿಕ್ಕ ತನ್ನ ತಲೆಗೆಣ್ಣೆಯ ಬಾಟಲಿ ತಂದು ಸುರಿದಳು. ಬಿಸಿ ಸೀಸದ ಮೇಲೆ ಎಣ್ಣೆ ಬುಸುಗುಟ್ಟಿತು. ನೀಲಿ ಹೊಗೆ ಅವಳ ಮುಖವನ್ನು ಮುಚ್ಚಿತು. ಬಾಗಿಲಿನ ತಗ್ಗುಗಳೆಲ್ಲ ತುಂಬಿ ನುಣ್ಣಗಾದವು.

ರಾತ್ರಿ ಊಟಕ್ಕೆ ಕುಳಿತಾಗ ಅವಳು ತುತ್ತು ಮುಂದೆ ಚಾಚಿದಳು. ಅವನು ಮುಖ ಹಿಂದೆ ಸರಿಸಿದ. ಅವಳ ಬೆರಳಿಗೆ ಸುಟ್ಟ ಕೂದಲಿನ ವಾಸನೆ. "ಕೈ ತೊಳ್ಕೊಂಡೀದೇನು?" ಎಂದ. ಅವಳು ಮತ್ತೊಮ್ಮೆ ತೊಳೆದು ಬಂದಳು. ವಾಸನೆ ಹೆಚ್ಚಾಯಿತು.

ಸೀಸದ ಹೊಗೆ ಕುಡಿದರೆ ಹೊಟ್ಟೆ ತೊಳಸುವುದು ಸಹಜ ಎಂದು ವಿಜ್ಞಾನ ಓದಿದ ಮನಸ್ಸು ಹೇಳಿತು. ಆದರೆ ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ರೊಟ್ಟಿ ರುಚಿಯಾಗಿಯೇ ಇತ್ತು. ಪಕ್ಕದ ಮನೆಯ ಖಾಸೀಂಬಿ ಹಬ್ಬಕ್ಕೆ ಕೊಟ್ಟ ಶೀರಖುರ್ಮಾ ಬಟ್ಟಲು ಬಳಿಯುವಂತೆ ಸೇರಿತು. ಕಸ್ತೂರಿ ಮುಟ್ಟಿದ್ದು ಮಾತ್ರ ಸೇರುತ್ತಿರಲಿಲ್ಲ. ಬೇಳೆಯಲ್ಲಿ ಕೂದಲು ಕಂಡಂತಾಗುತ್ತಿತ್ತು, ಬೆರಳಾಡಿಸಿದರೆ ಇರುತ್ತಿರಲಿಲ್ಲ. ಅವಳು ಮಜ್ಜಿಗೆ ಕುಡಿಯುವಾಗ ಗಂಟಲಿನ ಗುಳುಕ್ ಸದ್ದು ಕಿವಿಯೊಳಗೆ ಹುಳು ಹರಿದಂತೆ ಹರಿಯುತ್ತಿತ್ತು. ನಿದ್ದೆಯಲ್ಲಿ ಅವಳ ತುಟಿಯಂಚಿನ ಜೊಲ್ಲು ಹೊಳೆಯುವುದನ್ನು ನೋಡುತ್ತ ಅವನು ಎದ್ದು ಕೂಡುತ್ತಿದ್ದ. ಇವಳು ನನ್ನ ಹೆಂಡತಿ ಎಂದುಕೊಳ್ಳುತ್ತಿದ್ದ. ಎಂದುಕೊಂಡ ಮಾತೇ ಬಾಯಲ್ಲಿ ಹಳಸುತ್ತಿತ್ತು.

ಗಾಡಿಯ ಕೆಲಸ ಮುಗಿದರೂ ಬಾಗಿಲಿಗೆ ಹಚ್ಚಿದ ಹಸಿರು ಬಣ್ಣ ಒಣಗಲಿಲ್ಲ. ಕೆಂಡದಂಥ ಬಿಸಿಲಿನಲ್ಲೂ ಅದು ಬೆವರಿತು. ಬೂದುಬಣ್ಣದ ಹನಿಗಳು ಉಬ್ಬಿ ಇಳಿದವು. ನೊಣಗಳು ಅಂಟಿಕೊಂಡು, ರೆಕ್ಕೆ ಬಡಿಬಡಿದು, ಅಲ್ಲೇ ಸತ್ತವು.

ಆಮೇಲೆ ಖಾನಾವಳಿಯ ರೊಟ್ಟಿಯೂ ನಾರಿತು. ಆಮೇಲೆ ನೀರು. ಕೊನೆಗೊಂದು ಮುಂಜಾನೆ ತನ್ನದೇ ಎಂಜಲು ನುಂಗಲಾಗದೆ ಉಗುಳಿ ಉಗುಳಿ ಬಾಯಿ ಒಣಗಿದಾಗ, ಅವನು ಬಸ್ಸು ಹತ್ತಿ ಗೊಬ್ಬೂರಿಗೆ ಹೋದ.

ನಿಂಬೆವ್ವ ಅವನ ಗುಳಿಬಿದ್ದ ಕೆನ್ನೆ ನೋಡಿದಳು. "ಒಯ್ದಿ," ಎಂದಳು.

ಅವನು ತಲೆ ತಗ್ಗಿಸಿದ.

"ನಮ್ಮತ್ತಿ ಹಾಕ್ಸಿದ್ಲು. ಮಗ ನನ್ನ ಬಿಡ್ಲಿ ಅಂತ. ಮಗ ಸತ್ತ ಮ್ಯಾಗ, ತಾ ಸಾಯೂ ಮುಂದ ಆಕೀನ ಎಲ್ಲಾ ಹೇಳಿದ್ಲು. ನಾ ಕೂಡೋ ಬಾಜೂದ ಬಾಗಲದಾಗ ಇಟ್ಟಿದ್ಲಂತ. ಮೊದಲು ನನಗ ಹೇಸ್ತಿದ್ದ. ಆಮ್ಯಾಗ ಕೂಳಿಗಿ. ಆಮ್ಯಾಗ ತನ್ನ ತಾಯಿಗೂ. ನನ್ನ ಗಂಡ, ಧರ್ಮಣ್ಣ ಡ್ರೈವರ್ ಅಂದ್ರ ಅಷ್ಟೆತ್ತರದಾಳು. ಆ ಗಾಡ್ಯಾಗೇ ಕೂತು, ಉಪಾಸ ಸತ್ತ." ಅವಳ ದನಿ ಏರಲಿಲ್ಲ. "ಒಂದ ದಿನಾನೂ ನನಗ ಬೈಲಿಲ್ಲ. ಬಾಯಿ ಮುಚ್ಕೊಂಡು ಗ್ವಾಡಿ ಕಡಿ ನೋಡ್ತಿದ್ದ. ಬೈದಿದ್ರ ಛಲೋ ಇತ್ತು."

"ಬಿಡಿಸೂದು ಹ್ಯಾಂಗ, ಆಯಿ?"

"ತಗಡು ತಾ. ಅದರ ಮ್ಯಾಗಿನ ಗೆರಿ ನಿನ್ನ ಹೆಣ್ತಿ ತನ್ನ ಕೈಯಿಂದ ತಿಕ್ಕಿ ಅಳಿಸ್ಬೇಕು. ಅಷ್ಟಾದ್ರ ಹೋಗ್ತದ."

ಅವನು ತನ್ನ ಅಂಗೈ ನೋಡಿಕೊಂಡ.

"ಎಲ್ಲದ ತಗಡು?"

"ಕರಗಿಸೇನಿ. ಬಾಗಲಕ್ಕ ಸವರೇನಿ."

ನಿಂಬೆವ್ವ ಎದ್ದು ನಿಂತಳು. "ಗೆರೀನೇ ಇಲ್ಲಂದ್ರ ಅಳಿಸೂದೇನು? ಬಾಗಲಾ ಒಯ್ದು ಹೊಳಿ ಮಡುವಿನ್ಯಾಗ ಒಗಿ. ಹಬ್ಬೂದು ನಿಲ್ತದ. ಕೂಳು, ನೀರು ಸೇರ್ತಾವ. ಜೀವ ಉಳೀತದ." ಮುಂದಿನ ಮಾತನ್ನು ಅವಳು ಒಳಗೆ ಹೋಗುತ್ತ, ಬೆನ್ನು ತಿರುಗಿಸಿಯೇ ಹೇಳಿದಳು. "ಬೇರು ಮಾತ್ರ ಹೋಗಂಗಿಲ್ಲ."

ಅವನು ಮನೆ ಮುಟ್ಟಿದಾಗ ನಡುಮಧ್ಯಾಹ್ನ. ಶೆಡ್ಡಿನ ಒಳಗೆ ಕತ್ತಲೆ. ಪತ್ರಾಸಿನ ತೂತುಗಳಿಂದ ಬಿಸಿಲಿನ ಸೂಜಿಗಳು ಇಳಿದಿದ್ದವು. ಒಳಗಿಂದ ಹಾಡು ಗುನುಗುವ ಸದ್ದು.

ಪಿಕಪ್ಪಿನ ಎಡಗಡೆಯ ಸೀಟಿನಲ್ಲಿ ಕಸ್ತೂರಿಬಾಯಿ ಕುಳಿತಿದ್ದಳು. ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ತಲೆತುಂಬ ಎಣ್ಣೆ ಹಚ್ಚಿ ಬಾಚಿದ್ದಳು. ಮೊಣಕೈಯನ್ನು ಬಾಗಿಲಿನ ಮೇಲೆ ಊರಿದ್ದಳು.

"ಗಾಡಿ ಚಾಲೂ ಮಾಡ್ರಿ. ಇವತ್ತರೆ ನನ್ನ ಕೂಡ ಮಾತಾಡ್ರಿ."

"ಇಳಿ."

"ನಾ ಏನು ಮಾಡೇನಿ?"

"ಕಸ್ತೂರಿ, ಇಳಿ!"

"ನನ್ನ ಮಾರಿ ನೋಡಿ ಹೇಳ್ರಿ."

ಅವನು ನೋಡಿದ. ಬಾಗಿಲಿನ ಬೆವರು ಅವಳ ಮೊಣಕೈ ಹತ್ತಿ ಮೇಲೇರುತ್ತಿತ್ತು. ಬೂದು. ಜಿಗುಟು. ತೋಳಿನ ಮೇಲೆ ಕೂದಲಿನಂಥ ಎಳೆಗಳು. ಅವಳು ಮಾತಾಡಲು ಬಾಯಿ ತೆರೆದಳು. ಹಲ್ಲಿನ ಸಂದಿಯಲ್ಲಿ ಏನೋ ಮಿಸುಕಿತು. ಅಕ್ಕಿಹುಳುವೇ? ನಾಲಗೆಯೇ? ವಾಸನೆ ಬಂದು ಬಡಿಯಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆದರೂ ವಾಂತಿ ಬಂತು. ಹಳದಿ ನೀರು. ಕಹಿ. ಕೈ ತಾನಾಗಿ ಹತೋಡಿ ಹಿಡಿಯಿತು. ಒಂದೇ ಏಟು ಸಾಕು. ಆ ಬಾಯಿ ಮುಚ್ಚುತ್ತದೆ. ಆ ಗುಳುಕ್ ಸದ್ದು ನಿಲ್ಲುತ್ತದೆ. ಹತೋಡಿ ಮೇಲೇರಿತು. ಅವಳು ಚೀರಲಿಲ್ಲ. ಕಣ್ಣು ಮುಚ್ಚಿದಳು. ರೆಪ್ಪೆಗಳು ನಡುಗಿದವು. ಅಷ್ಟೇ. ಆ ನಡುಕ ಅವನಿಗೆ ಗೊತ್ತಿತ್ತು. ಅದು ಕಸ್ತೂರಿಯದು.

ಹತೋಡಿ ಬಾಗಿಲಿನ ಕೀಲಿನ ಮೇಲೆ ಬಿತ್ತು. ಮತ್ತೆ ಬಿತ್ತು. ಕೀಲು ಮುರಿಯಿತು. ಬಾಗಿಲು ನೆಲಕ್ಕೆ ಬಿದ್ದಾಗ ಕಬ್ಬಿಣದ ಸದ್ದಾಗಲಿಲ್ಲ. ಹಸಿಮಾಂಸ ಬಿದ್ದ ಸದ್ದಾಯಿತು. ಕಸ್ತೂರಿ ಬಲಗಡೆಯಿಂದ ಇಳಿದು ಗೋಡೆಗೆ ಆತುಕೊಂಡಳು. ಅವನು ಬಾಗಿಲನ್ನು ಅಪ್ಪಿ ಎತ್ತಿದ. ಬೆಚ್ಚಗಿತ್ತು. ಎದೆಗೆ, ಗದ್ದಕ್ಕೆ, ತುಟಿಗೆ ಮೆತ್ತಿಕೊಂಡಿತು. ಹಿಂದಿನ ತೊಟ್ಟಿಗೆ ಎಸೆದ. ಗಾಡಿ ಚಾಲೂ ಮಾಡಿದ. ಭೀಮಾ ಹೊಳೆಯ ದಾರಿ ಹಿಡಿದ.

ಮಡುವಿನಲ್ಲಿ ಬಾಗಿಲು ತಕ್ಷಣ ಮುಳುಗಲಿಲ್ಲ. ಸ್ವಲ್ಪ ಹೊತ್ತು ಅಂಗಾತ ತೇಲಿತು. ಆಮೇಲೆ ನೀರು ಅದನ್ನು ಒಳಗೆ ಎಳೆದುಕೊಂಡಿತು. ಎಣ್ಣೆಯ ಒಂದು ವರ್ತುಲ ಹಬ್ಬಿ, ಹರಿದು, ಹೋಯಿತು.

ಗಾಳಿ ಬೀಸಿತು. ಅದರಲ್ಲಿ ಕಬ್ಬಿನ ಗದ್ದೆಯ ವಾಸನೆ ಇತ್ತು. ದೌಲತರಾಯ ಬೊಗಸೆಯಲ್ಲಿ ನೀರು ತುಂಬಿ ಕುಡಿದ. ನೀರು ಸಿಹಿಯಾಗಿತ್ತು. ಅವನು ದಂಡೆಯ ಮೇಲೆ ಮೊಣಕಾಲೂರಿ ಅತ್ತ. ಹಸಿವಾಯಿತು. ಎಷ್ಟೋ ದಿನಗಳ ಹಸಿವು ಒಮ್ಮೆಲೇ ಆಯಿತು.

ಅವನು ಬರುವಷ್ಟರಲ್ಲಿ ಕಸ್ತೂರಿಬಾಯಿ ಒಲೆ ಹಚ್ಚಿದ್ದಳು. ಏನೂ ಕೇಳಲಿಲ್ಲ. ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು. ಮೊದಲ ತುತ್ತಿಗೇ ಗೊತ್ತಾಯಿತು: ರೊಟ್ಟಿ ರೊಟ್ಟಿಯಾಗಿತ್ತು. ಅವನು ಗಬಗಬನೆ ತಿಂದ. ಅವಳ ಮುಖ ಅರಳಿತು. ಬೆವರಿದ ಅವನ ಹಣೆಯನ್ನು ಒರೆಸಲು ಬಾಗಿದಳು.

ಬೆರಳು ತಾಗಿತು. ಅವನ ಮೈಯ ಚರ್ಮವೆಲ್ಲ ಒಳಕ್ಕೆ ಸರಿದುಕೊಂಡಿತು.

ಅವನು ಕದಲಲಿಲ್ಲ. ಉಸಿರು ಹಿಡಿದು, ಅವಳು ಒರೆಸಿ ಮುಗಿಸುವ ತನಕ ಕುಳಿತ. "ಇನ್ನೊಂದು ರೊಟ್ಟಿ ಹಾಕು," ಎಂದು ನಕ್ಕ. ಅಂದಿನಿಂದ ಅದೇ ಅವನ ಬದುಕಾಯಿತು. ಪಿಕಪ್ಪಿಗೆ ಹೊಸ ತಗಡಿನ ಬಾಗಿಲು ಮಾಡಿ ಅವಳನ್ನು ತವರಿಗೆ ಕರೆದೊಯ್ದ. ದಾರಿಯುದ್ದಕ್ಕೂ ಗಾಜು ಇಳಿಸಿ, ತಲೆ ಹೊರಗಿಟ್ಟು ಗಾಡಿ ನಡೆಸಿದ. ಮಕ್ಕಳಾದರು. ಅವರನ್ನು ಎತ್ತಿ ಮುದ್ದಾಡುವುದಕ್ಕೆ ಅವನಿಗೆ ಏನೂ ಅಡ್ಡಿ ಇರಲಿಲ್ಲ. ಗಂಡ ಎಷ್ಟು ಸಮಾಧಾನಿ ಎಂದು ಓಣಿಯ ಹೆಂಗಸರು ಕಸ್ತೂರಿಬಾಯಿಗೆ ಹೇಳುತ್ತಿದ್ದರು. ಅವಳು ಹೌದೆನ್ನುತ್ತಿದ್ದಳು, ಸ್ವಲ್ಪ ತಡೆದು. ಕೆಲವು ಸಂಜೆ ಅವಳು ಕೆಲಸ ಬಿಟ್ಟು ಅವನ ಎದುರಿಗೆ ಬಂದು ಕೂಡುತ್ತಿದ್ದಳು. ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳು.

ಅವಳನ್ನು ಕಂಡರೆ ತನಗೆ ಹೇಸಿಗೆಯಾಗುತ್ತದೆ ಎಂದು ದೌಲತರಾಯ ಅವಳಿಗೆ ಎಂದೂ ಹೇಳಲಿಲ್ಲ.