ಪುಟದ ಕೊನೆಯ ಸಣ್ಣಕ್ಷರ

"ಸಣ್ಣಕ್ಷರ ಓದಕ್ಕೆ ಬರಲ್ಲ ಅಂದ್ಕೊಂಡ್ರಾ ನನಗೆ?"

ನಿಘಂಟು ಕಚೇರಿಯ ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಹತ್ತು ತಲೆಗಳು ಮೇಲೆದ್ದವು. ಗರಗಸ ಹರಿತ ಮಾಡುವವನು ನೇರ, ಪದಗಳಿಗೆ ಅರ್ಥ ಬರೆಯುವ ಅವಳ ಮೇಜಿಗೇ ಬಂದು, ಕೈಯಲ್ಲಿದ್ದ ಅಚ್ಚಿನ ಕರಡು ಹಾಳೆಯನ್ನು ಮುಖಕ್ಕೆ ರಾಚುವಂತೆ ಬಿಸಾಡಿದ. ಅವನ ತೋಳಿನಿಂದ ಉದುರಿದ ಕಬ್ಬಿಣದ ಪುಡಿ ಅವಳ ಚೀಟಿಗಳ ಮೇಲೆ ಬಿತ್ತು.

ಆ ಹಾಳೆಯನ್ನು ನಿನ್ನೆ ಅವಳೇ ಕಳಿಸಿದ್ದಳು... ಉಡುಗೊರೆ ಅಂತ!

"ಇಲ್ಲಿ ಬೇಡ... ಹೊರಗೆ ಮಾತಾಡೋಣ."

"ಯಾಕೆ? ನಾನು ನಿಂತ್ರೆ ನಿಮ್ಮ ನೆಲ ಕೊಳೆ ಆಗುತ್ತಾ? ಮೂರು ತಿಂಗಳು ನನ್ನಂಗಡಿ ಸ್ಟೂಲಿನ ಮೇಲೆ ಕೂತಾಗ ನಿಮ್ಮ ಬಟ್ಟೆ ಕೊಳೆ ಆಗ್ಲಿಲ್ವಾ?"

ಹೌದು, ಮೂರು ತಿಂಗಳು. ಇಂಗ್ಲಿಷಿನ 'ಸೆಟ್' ಎಂಬ ಪುಟ್ಟ ಕ್ರಿಯಾಪದ ಅವಳ ಪಾಲಿಗೆ ಬಂದಿತ್ತು. ನೋಡಲು ಇಷ್ಟೇ ಇಷ್ಟು, ಅರ್ಥಗಳು ನೂರಾರು! ಸೂರ್ಯ ಮುಳುಗಿದರೂ ಅದೇ, ಗಾರೆ ಗಟ್ಟಿಯಾದರೂ ಅದೇ. ವಿದ್ವಾಂಸರನ್ನು ಕೇಳಿ ಕೇಳಿ ಸುಸ್ತಾದ ಮೇಲೆ ಅವಳು ಕಸುಬಿನವರನ್ನು ಹುಡುಕಿಕೊಂಡು ಹೋಗಿದ್ದಳು.

ಅವನು ಗರಗಸವನ್ನು ಬೆಳಕಿಗೆ ಹಿಡಿದು ತೋರಿಸಿದ್ದ. "ನೋಡಿ ಮೇಡಂ, ಒಂದು ಹಲ್ಲು ಎಡಕ್ಕೆ, ಪಕ್ಕದ್ದು ಬಲಕ್ಕೆ ಬಾಗಿಸ್ಬೇಕು. ಎಲ್ಲ ನೆಟ್ಟಗಿದ್ರೆ ಮರದಲ್ಲೇ ಸಿಕ್ಕಾಕೊಳ್ಳುತ್ತೆ. ಇದಕ್ಕೇ ಸೆಟ್ ಕೊಡೋದು ಅಂತೀವಿ."

ಆ ಪದದ ತೀರಾ ಹಳೆಯ ಅರ್ಥ 'ಕೂರುವಂತೆ ಮಾಡುವುದು' ಎಂದು ಅವಳು ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕಿದ್ದ.

"ಅಯ್ಯೋ, ಇದಕ್ಕಾ ಇಷ್ಟು ತಲೆ ಕೆಡಿಸ್ಕೊಂಡಿದ್ದು? ನಮ್ಮ ಕೂರಿಸೋದೇ ಅಲ್ವಾ ಅದು! ಕದ ಕೂರಿಸ್ತೀವಿ, ಉಂಗುರಕ್ಕೆ ಹರಳು ಕೂರಿಸ್ತಾರೆ, ಜಾರಿದ ಮೂಳೆ ಕೂರಿಸ್ತಾರೆ. ಅಲ್ಲಿಂದ ಶುರು ಮಾಡಿ, ಮಿಕ್ಕಿದ್ದು ತಾನಾಗಿ ಹಿಂದೆ ಬರುತ್ತೆ."

ಬಂತು! ಇಡೀ ಪುಟ ಆ ಒಂದು ಮಾತಿನ ಮೇಲೆ ನಿಂತಿತು. ಆಮೇಲೂ ಅವಳು ಅಂಗಡಿಗೆ ಹೋಗುತ್ತಲೇ ಇದ್ದಳು... ಪದಕ್ಕಾಗಿ ಅಲ್ಲ, ಆ ನಗುವಿಗಾಗಿ.

ಆದರೆ ಪುಟದ ಕೊನೆಯಲ್ಲಿ, ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ ಹೀಗಿತ್ತು: 'ವಿವರಣೆ: ಪ್ರಧಾನ ಸಂಪಾದಕರು.'

"ಮಾತು ನಂದು. ಇವರ್ಯಾರ್ರೀ ಮಧ್ಯದಲ್ಲಿ?"

"ಅವರು ನಮ್ಮ ದೊಡ್ಡಪ್ಪ... ಇಲ್ಲಿ ಡಿಗ್ರಿ ಇಲ್ಲದವರ ವಿವರಣೆ ತಗೊಳ್ಳಲ್ಲ. ನಿಮ್ಮ ಮಾತಾದ್ರೂ ಉಳೀಲಿ ಅಂತ ನಾನೇ..."

"ಮಾತು ಬೇಕು, ಆಡಿದವನು ಬೇಡ! ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ ಕಣ್ರೀ, ಅಕ್ಷರ ಬಿಟ್ಟಿಲ್ಲ. ಇವನೆಲ್ಲಿ ಓದ್ತಾನೆ ಅಂತ ತಾನೇ ಅಷ್ಟು ಧೈರ್ಯವಾಗಿ ಕಳಿಸಿದ್ದು?"

ಇಲ್ಲ ಎನ್ನಲು ಬಾಯಿ ತೆರೆದಳು. ಕಣ್ಣು ಹಾಳೆಯತ್ತ ತಗ್ಗಿತು.

'ಹೌದಲ್ಲವಾ... ಹಾಗೇ ಅಂದುಕೊಂಡಿದ್ದೆನಲ್ಲ ನಾನು!'

ಅಷ್ಟು ಅವನಿಗೆ ಸಾಕಾಯಿತು. "ಇನ್ನು ನನ್ನಂಗಡಿ ಮೆಟ್ಟಿಲು ಹತ್ತಬೇಡಿ," ಎಂದವನೇ ಹೊರಟುಹೋದ.

ಅವಳು ಹಾಳೆ ಹಿಡಿದು ಒಳಕೋಣೆಗೆ ಹೋದಳು.

"ನಾನೇ ಹೇಳಿದ್ದಲ್ವೇನಮ್ಮ ಇದು?" ಎಂದರು ದೊಡ್ಡಪ್ಪ ಕನ್ನಡಕ ಒರೆಸುತ್ತ. ಎರಡು ವಾರದಿಂದ ಆ ಪುಟವನ್ನು ನೋಡಿ ನೋಡಿ ಅವರಿಗೆ ನಿಜಕ್ಕೂ ಹಾಗೇ ಅನ್ನಿಸತೊಡಗಿತ್ತು!

"ಅಲ್ಲ ದೊಡ್ಡಪ್ಪ. ಗರಗಸದವರು ಹೇಳಿದ್ದು. ನಾನು ಸುಳ್ಳು ಬರೆದೆ. ಈಗ ತಿದ್ದಬೇಕು."

"ಏಳನೇ ಕ್ಲಾಸಿನವನ ಮಾತಾ? ವಿದ್ವಾಂಸರು ಉಗೀತಾರೆ ನಮಗೆ!"

"ಆ ವಿದ್ವಾಂಸರನ್ನೆಲ್ಲ ಕೇಳಿದ್ದೆ. ಒಬ್ಬರಿಗೂ ಹೊಳೀಲಿಲ್ಲ. ಗರಗಸದವರ ಮಾತು ಚೆನ್ನಾಗಿದೆ ಅಂತ ನೀವೇ ಮೂರು ಜನಕ್ಕೆ ಓದಿ ಹೇಳಿದ್ರಲ್ಲ!"

ದೊಡ್ಡಪ್ಪನ ಮುಖ ಕೆಂಪಾಯಿತು. "ತಿದ್ದಿದ್ರೆ ನಾಳೆಯಿಂದ ಆ ಕುರ್ಚಿ ನಿಂದಲ್ಲ. ಮಗಳು ಅಂತ ನೋಡಲ್ಲ ನಾನು."

ಕೊನೆಯ ಕರಡಿಗೆ ಸಹಿ ಹಾಕುವವಳು ಅವಳೇ. ಕೆಂಪು ಶಾಯಿಯಲ್ಲಿ ಆ ಸಾಲು ಹೊಡೆದು, ಹೊಸದು ಬರೆದು, ಸಹಿ ಹಾಕಿ, ತಾನೇ ಅಚ್ಚಿನ ಮನೆಗೆ ಒಯ್ದು ಕೊಟ್ಟಳು. ಪುಟ ಯಂತ್ರಕ್ಕೆ ಏರುವವರೆಗೂ ಅಲ್ಲಿಂದ ಅಲ್ಲಾಡಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ಕುರ್ಚಿ ಹೋಯಿತು.

ಅದೇ ಮಧ್ಯಾಹ್ನ ಗರಗಸದಂಗಡಿಯ ಮುಂದೆ ನಿಂತಳು. ಅವನು ತಲೆ ಎತ್ತಲಿಲ್ಲ. ಗರಗಸದ ಹಲ್ಲಿಗೆ ಅರ ಉಜ್ಜುವ ಕರ್ಕಶ ಸದ್ದು ಇನ್ನಷ್ಟು ಜೋರಾಯಿತು.

"ಮೆಟ್ಟಿಲು ಹತ್ತಿಲ್ಲ. ಬೀದಿಯಿಂದಾನೇ ಹೇಳ್ತೀನಿ," ಎಂದಳು. "ಹೌದು, ನೀವು ಓದಲ್ಲ ಅಂದ್ಕೊಂಡೇ ಕಳಿಸಿದೆ. ಅದು ನನ್ನ ಸೊಕ್ಕು. ನಿಯಮದ ಮೇಲೆ ಹಾಕಿ ತಪ್ಪಿಸ್ಕೊಳ್ಳಲ್ಲ."

ಅರದ ಸದ್ದು ನಿಂತಿತು.

"ನಿನ್ನೆಯಿಂದ ಕಾಯ್ತಿದ್ದೆ... ಬಂದು ಇನ್ನೊಂದು ಸುಳ್ಳು ಹೇಳ್ತೀರೇನೋ ಅಂತ." ಅವನು ಈಗ ತಲೆ ಎತ್ತಿದ. "ಏನು ಬರೆದ್ರಿ ಅಲ್ಲಿ?"

"ವಿವರಣೆ: ಗರಗಸ ಹರಿತ ಮಾಡುವವರು, ಓದು ಏಳನೇ ತರಗತಿ."

"ಏಳನೇ ತರಗತಿ ಅಂತಾನೂ ಹಾಕಿದ್ರಾ?"

"ಹ್ಞೂಂ. ಓದಿದೋರಿಗೆ ಉರೀಲಿ ಅಂತ!"

ಅವನ ತುಟಿಯ ತುದಿ ಅಲುಗಿತು. ತಕ್ಷಣ ಹುಬ್ಬು ಗಂಟಾಯಿತು. "ನಿಮ್ಮ ಕೆಲಸ?"

"ಹೋಯ್ತು."

"ಬುದ್ಧಿ ಇದೆಯೇನ್ರೀ ನಿಮಗೆ? ಒಂದು ಸಾಲಿಗೋಸ್ಕರ..."

"ಸಾಲಿಗೋಸ್ಕರ ಅಲ್ಲ," ಎಂದಳು. ಕಣ್ಣು ತುಂಬಿ ಬಂದಿತ್ತು. "ನಿಮಗೋಸ್ಕರ. ನನಗೆ ನೀವು ಬೇಕು. ಅದನ್ನ ಬೇರೆ ಯಾರ ಲೆಕ್ಕಕ್ಕೂ ಬರೆಯಲ್ಲ."

ಅವನು ಎದ್ದು ಬಂದ. ಮಸಿ ಹಿಡಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಚಾಚಲೋ ಬೇಡವೋ ಎಂಬಂತೆ ಅರ್ಧದಲ್ಲೇ ನಿಲ್ಲಿಸಿದ. ಅವಳೇ ಹಿಡಿದುಕೊಂಡಳು.

"ಕೋಪ ಹೋಯ್ತಾ?"

"ಎಲ್ಲಿ ಹೋಗುತ್ತೆ? ಹಾಗೇ ಇದೆ."

"ಹೋಗೋವರೆಗೂ ದಿನಾ ಬರ್ತೀನಿ."

"ಹಾಗಾದ್ರೆ ಬೇಗ ಹೋಗಲ್ಲ ಬಿಡಿ ಅದು." ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಒಳಗೆ ಬನ್ನಿ..."

ಅವಳು ಅಲುಗದೆ ಅವನನ್ನೇ ನೋಡಿದಳು.

"...ಬಾ," ಎಂದ.