ಪಕ್ಕದ ಚಕ್ರದ ವೇಗ

"ವೈರ್ ಇಲ್ಲದ್ದೇ ಬೇಕು."

ಮಂಜಿನೊಳಗಿಂದ ಬಂದ ಆ ದನಿಗೆ ಬುವಾಲೈ ಬೆಚ್ಚಿಬಿದ್ದಳು. ಭಿಕ್ಷುಗಳು ಆಗಷ್ಟೇ ಬೀದಿ ದಾಟಿ ಹೋಗಿದ್ದರು. ಅವರಿಗೆ ನೀಡಿ ಉಳಿದ ಅಂಟನ್ನದ ಬುಟ್ಟಿ ಅವಳ ಕಂಕುಳಲ್ಲೇ ಇತ್ತು. ಅವಳ ಸೈಕಲ್ ಅಂಗಡಿಯ ಒಂದು ಬಾಗಿಲಷ್ಟೇ ತೆರೆದಿತ್ತು.

ಆ ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಅವನ ಪಕ್ಕದಲ್ಲೊಂದು ಹಳೆಯ ಸೈಕಲ್. ಅವನಿಂದಲೂ ಸೈಕಲ್ಲಿನಿಂದಲೂ ಒಂದೇ ಸಮ ನೀರು ತೊಟ್ಟಿಕ್ಕುತ್ತಿತ್ತು.

ಮಳೆಯಿಲ್ಲ. ಮತ್ತೆ ಈ ನೀರು ಎಲ್ಲಿಯದು?

'ಮಂಜಿನದೇ ಇರಬೇಕು...' ಎಂದುಕೊಂಡಳು. ಚಿಯಾಂಗ್ ಖಾನ್‌ನಲ್ಲಿ ಚಳಿಗಾಲ ಬಂತೆಂದರೆ ಮೆಕಾಂಗ್ ಹೊಳೆ ರಾತ್ರಿಯೆಲ್ಲ ಉಸಿರುಬಿಟ್ಟು, ಬೆಳಗಾಗುವಾಗ ಊರನ್ನೇ ನುಂಗಿಕೊಂಡು ಕೂತಿರುತ್ತದೆ.

"ಏನು ವೈರ್ ಇಲ್ಲದ್ದು?" ಎಂದಳು, ದನಿ ಗಟ್ಟಿಮಾಡಿಕೊಂಡು.

"ಸ್ಪೀಡೋಮೀಟರ್."

ಓಹ್, ಗಿರಾಕಿ! ಅವಳ ಎದೆ ಹಗುರಾಯಿತು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳುತ್ತಿದ್ದವಳು ಅವಳೇ.

"ನನ್ನ ಮಾತು ಕೇಳಿ, ವೈರ್ ಇರೋದೇ ತಗೊಳ್ಳಿ. ಚಕ್ರದ ಹತ್ರ ಇರೋ ಸೆನ್ಸರಿನಿಂದ ಹ್ಯಾಂಡಲ್ ತನಕ ಒಂದು ತಂತಿ ಬರುತ್ತೆ. ನಿಮ್ಮ ಚಕ್ರ ಹೇಳಿದ್ದನ್ನ ಮಾತ್ರ ಕೇಳುತ್ತೆ. ವೈರ್‌ಲೆಸ್ ನೋಡೋಕೆ ಚಂದ, ತಂತಿ ಸಿಕ್ಕಿಹಾಕಿಕೊಳ್ಳೋ ಗೋಳಿಲ್ಲ. ಆದ್ರೆ ಹಳೇ ಮಾಡೆಲ್ ಬೇಡವೇ ಬೇಡ! ಪಕ್ಕದಲ್ಲಿ ಅದೇ ಜಾತಿಯ ಸೆನ್ಸರ್ ಇರೋ ಸೈಕಲ್ ಬಂದ್ರೆ ಸಾಕು, ಅದರ ವೇಗಾನ ನಿಮ್ಮದು ಅಂತ ತೋರಿಸುತ್ತೆ. ನಿಂತಿರೋ ಸೈಕಲ್ಲು ಓಡ್ತಿದೆ ಅನ್ನುತ್ತೆ. ಜನ ತಂದು ನನ್ನ ಮುಖಕ್ಕೆ ಎಸೀತಾರೆ."

"ಆ ಹಳೇದೇ ಬೇಕು."

"ಹೊಸದರಲ್ಲಿ ಆ ಕಾಟ ಇಲ್ಲ ರೀ..."

"ಆ ಕಾಟಕ್ಕೋಸ್ಕರಾನೇ ಬೇಕು."

ಬುವಾಲೈ ಮೊದಲ ಬಾರಿ ಅವನ ಮುಖ ನೋಡಿದಳು. ಕೂದಲಲ್ಲಿ ಹತ್ತಿಯ ಎಳೆಗಳು. ಕಣ್ಣಿನ ಕೆಳಗೆ ಎಷ್ಟೋ ರಾತ್ರಿಗಳ ಕಪ್ಪು. ಹೊಳೆದಂಡೆಯ ಗಾದಿ ಮನೆಗೆ ಹತ್ತಿ ಹಿಂಜುವವನೊಬ್ಬ ಹೊಸದಾಗಿ ಬಂದಿದ್ದಾನೆಂದು ಅಜ್ಜಿ ಹೇಳಿದ್ದು ನೆನಪಾಯಿತು. ಥನ್ವಾ... ಹೌದು, ಅದೇ ಹೆಸರು.

ಅವಳು ಅಟ್ಟ ತಡಕಿ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದಳು. "ಇದೊಂದೇ ಉಳಿದಿರೋದು. ಇದರ ಜೊತೇದನ್ನ ನಾನೇ ನನ್ನ ಸೈಕಲ್ಲಿಗೆ ಹಾಕ್ಕೊಂಡಿದ್ದೆ. ಮೊನ್ನೆ ಬಿದ್ದು ಮೀಟರ್ ಒಡೀತು."

ಇಬ್ಬರೂ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತರು. ಕಡ್ಡಿಗೆ ಅಯಸ್ಕಾಂತ, ಫೋರ್ಕಿಗೆ ಸೆನ್ಸರ್. ನಡುವೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಹಿಡಿದುಕೊಟ್ಟ ಅವನ ಬೆರಳು ಅವಳ ಬೆರಳಿಗೆ ತಗುಲಿತು.

ಅಬ್ಬಾ! ಹೊಳೆಯೊಳಗಿನ ಕಲ್ಲಿನಷ್ಟು ತಣ್ಣಗೆ!

ಆದರೂ ಕೈ ಹಿಂದಕ್ಕೆಳೆದುಕೊಳ್ಳಬೇಕೆಂದು ಅವಳಿಗೆ ಅನಿಸಲಿಲ್ಲ. ಬದಲಿಗೆ ಆ ಕೈಯನ್ನು ತನ್ನೆರಡು ಅಂಗೈ ನಡುವೆ ಇಟ್ಟುಕೊಂಡು ಬೆಚ್ಚಗೆ ಮಾಡಬೇಕೆನಿಸಿತು. ಮನಸ್ಸು ಅನ್ನುವುದು ಹಾಗೆಯೇ. ಹೇಳಿ ಬರುವುದಿಲ್ಲ, ಕೇಳಿ ನಿಲ್ಲುವುದಿಲ್ಲ.

"ಯಾರದು... ಪಕ್ಕದ ಸೈಕಲ್ಲು?" ಕೇಳಿಯೇಬಿಟ್ಟಳು.

ಅವನು ಹೊಳೆಯ ಕಡೆ ನೋಡಿದ.

"ಅವಳದು. ಕಲ್ಲುಮಡುವಿನ ತಿರುವಿನಲ್ಲಿ ಸಿಗ್ತಾಳೆ."

ಅಷ್ಟೇ ಹೇಳಿ ಮಂಜಿನೊಳಗೆ ಹೊರಟುಹೋದ. ಎರಡು ಹೆಜ್ಜೆಗೆ ಕಾಣದಾದ.

* * *

'ಅವಳದು...'

ಆ ಒಂದು ಮಾತು ಬುವಾಲೈಯನ್ನು ಊಟ ಮಾಡಲು ಬಿಡಲಿಲ್ಲ. 'ನನಗೇನಾಗಬೇಕು? ಅವನು ಯಾವಳನ್ನಾದರೂ ನೋಡಲಿ!' ಎಂದು ಹೇಳಿಕೊಂಡಷ್ಟೂ ಆ ತಣ್ಣನೆಯ ಬೆರಳು ನೆನಪಾಗುತ್ತಿತ್ತು.

"ಏನೇ, ಚೈನಿಗೆ ಮೀನಿನ ಸಾರು ಹುಯ್ತಾ ಇದೀಯಾ?" ಅಜ್ಜಿ ಕಾಂಪುನ್ ಬಾಳೆದಿಂಡು ಕೊಯ್ಯುತ್ತ ಕೂಗಿದಳು. "ಎಣ್ಣೆ ಡಬ್ಬ ಆ ಕಡೆ ಇದೆ!"

ಬುವಾಲೈ ನೋಡಿಕೊಂಡಳು. ನಿಜ! ಕೈಯಲ್ಲಿದ್ದದ್ದು ಸಾರಿನ ಚೊಂಬು.

ಮರುದಿನ ಮುಂಜಾನೆ ಅವನ ಹಿಂದೆ ಹೋಗಲೆಂದು ಅವಳು ತನ್ನ ಸೈಕಲ್ ಹತ್ತಿದಳು. ಹೊಳೆಯ ಪಕ್ಕದ ಹಾದಿಗೂ ಹಳೆಯ ಗಾಡಿದಾರಿಗೂ ನಡುವೆ ಉದ್ದಕ್ಕೂ ಒಂದು ಬಿದಿರಿನ ಬೇಲಿ. ಅವನು ಬೇಲಿಯ ಆಚೆ, ಅವಳು ಈಚೆ. ಕೈ ಚಾಚಿದರೆ ಮುಟ್ಟುವಷ್ಟು ದೂರ. ಆದರೆ ಮಂಜಿನಲ್ಲಿ ಅವನು ಬರಿಯ ಒಂದು ನೆರಳು.

ತಿರುವಿನಲ್ಲಿ ಅವನು ನಿಂತ. ತಾನೂ ಥಟ್ಟನೆ ನಿಂತರೆ ಬ್ರೇಕಿನ ಸದ್ದಾದೀತೆಂದು ಅವಳು ಮೆಲ್ಲನೆ ಮುಂದಕ್ಕೆ ಉರುಳಿದಳು. ಸ್ವಲ್ಪ ದೂರ ಹೋಗಿ, ತಿರುಗಿ, ಮತ್ತೆ ಅವನಿದ್ದಲ್ಲಿಗೇ ಬಂದಳು.

"ಬಂದ್ಯಾ?" ಎಂದ ಅವನು.

ಅವಳು ಬೇಲಿಗೆ ಒತ್ತಿಕೊಂಡು ಬಗ್ಗಿದಳು. ಸಿಕ್ಕಿಬಿದ್ದೆನೇ?

ಇಲ್ಲ. ಅವನು ತನ್ನ ಸೈಕಲ್ಲಿನ ಹ್ಯಾಂಡಲ್ ಮೇಲೆ ಬಗ್ಗಿ ಮಾತಾಡುತ್ತಿದ್ದ. "ನಿಧಾನವಾಗಿ ಬಾ... ನಾನೆಲ್ಲೂ ಹೋಗಲ್ಲ."

ಬಿದಿರಿನ ಸಂದಿಯಿಂದ ಬುವಾಲೈ ಇಣುಕಿದಳು. ಅವನ ಎದುರು ಯಾರೂ ಇರಲಿಲ್ಲ. ಎಡಕ್ಕಿಲ್ಲ, ಬಲಕ್ಕಿಲ್ಲ. ಮಳೆಗಾಲದಲ್ಲಿ ಕುಸಿದ ದಡ, ಅದರ ಕೆಳಗೆ ಕಾಣದ ಹೊಳೆಯ ಗೊಣಗಾಟ... ಅಷ್ಟೇ.

ಮನೆಗೆ ಬರುವಷ್ಟರಲ್ಲಿ ಅವಳ ಬೆನ್ನೆಲ್ಲ ಬೆವೆತಿತ್ತು. ಆದರೂ ಮರುದಿನ ಹೋದಳು. ಅದರ ಮರುದಿನವೂ. ಕಾಣದ ಆ ಹೆಣ್ಣಿನ ಮೇಲೆ ಅವಳಿಗೆ ಎಷ್ಟು ಭಯವೋ ಅಷ್ಟೇ ಹೊಟ್ಟೆಕಿಚ್ಚು. ದಿನದಿನಕ್ಕೂ ಅವನು ನಿಲ್ಲುವ ಜಾಗ ದಡದ ಅಂಚಿಗೆ ಹತ್ತಿರವಾಗುತ್ತಿತ್ತು.

ಒಂದು ಮಧ್ಯಾಹ್ನ ಅವನೇ ಅಂಗಡಿಗೆ ಓಡಿಬಂದ. ಕೆನ್ನೆ ಒಳಸೇರಿದ್ದರೂ ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಅವಳು ಬರ್ತಿದಾಳೆ ಬುವಾಲೈ! ನಿನ್ನ ಮೀಟರು ಸುಳ್ಳು ಹೇಳಲಿಲ್ಲ!"

"ಯಾರು?" ಅವಳ ದನಿ ಒಡೆಯಿತು. "ಯಾರವಳು? ನಿಮ್ಮ... ನಿಮ್ಮ ಹುಡುಗೀನಾ?"

"ನನ್ನ ತಂಗಿ, ಲಮ್ದುವಾನ್."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

"ನಮ್ಮಿಬ್ಬರ ಸೈಕಲ್ಲಿಗೂ ಇದೇ ಜಾತಿಯ ಮೀಟರ್ ಇತ್ತು, ನನ್ನದು ಆಮೇಲೆ ಕೆಟ್ಟುಹೋಯ್ತು. ಹೋದ ಚಳಿಗಾಲ ಈ ಕಡೆ ಸುತ್ತಾಡೋಕೆ ಬಂದಿದ್ವಿ, ಆ ತಿರುವಿನಲ್ಲಿ ನನ್ನ ಚೈನ್ ಕಳಚಿತು. ನಾನು ಕೂತು ಹಾಕ್ತಿದ್ದೆ. ಅವಳು ಮಂಜಿನಲ್ಲಿ ನನ್ನ ಸುತ್ತಾನೇ ಸುತ್ತು ಹಾಕ್ತಾ ಗೇಲಿ ಮಾಡ್ತಿದ್ಲು, 'ಮುದುಕಪ್ಪಾ, ಇನ್ನೂ ಆಗಲಿಲ್ವಾ?' ಅಂತ. ನಿಂತ ನನ್ನ ಮೀಟರಲ್ಲಿ ಅವಳ ವೇಗ ಕಾಣ್ತಿತ್ತು. ಒಂಬತ್ತು... ಎಂಟು... ಆಮೇಲೆ ಸೊನ್ನೆ. ಕೂಗೂ ಇಲ್ಲ, ಸದ್ದೂ ಇಲ್ಲ. ದಡ ಕುಸಿದಿತ್ತು. ಹೊಳೆ ಅವಳನ್ನ ವಾಪಸ್ ಕೊಡಲೇ ಇಲ್ಲ."

ಬುವಾಲೈ ಬಾಯಿಗೆ ಕೈ ಅಡ್ಡ ಹಿಡಿದಳು.

"ಈಗ ದಿನಾ ಬರ್ತಾಳೆ! ನನ್ನ ಚಕ್ರ ನಿಂತಿರುತ್ತೆ, ಮೀಟರಲ್ಲಿ ಅಂಕಿ ಏಳುತ್ತೆ. ಏಳು, ಎಂಟು... ಚಕ್ರ ಉಸಿರಾಡಿದ ಹಾಗೆ ಸದ್ದೂ ಕೇಳುತ್ತೆ. ಆಮೇಲೆ ಅಂಕಿ ಜಾರಿ ಹೋಗುತ್ತೆ. ಹೊಳೆ ಕಡೆಗೇ ಹೋಗೋದು, ಇನ್ನೆಲ್ಲಿಗೆ? ನಾಳೆ ನಾನೂ ಅವಳ ಹಿಂದೆ ಹೋಗ್ತೀನಿ. ಎಲ್ಲಿಗೆ ಕರೀತಾಳೋ ಅಲ್ಲಿಗೆ."

ನಗುತ್ತಲೇ ಹೇಳಿದ. ಆ ನಗುವೇ ಅವಳನ್ನು ಹೆಚ್ಚು ಹೆದರಿಸಿತು.

ಅವನು ಹೋದ ಮೇಲೆ ಬುವಾಲೈಯ ಕಣ್ಣು ಗೋಡೆಗೆ ಒರಗಿದ್ದ ತನ್ನ ಸೈಕಲ್ಲಿನ ಮೇಲೆ ಬಿತ್ತು. ಮುಂದಿನ ಫೋರ್ಕಿನ ಮೇಲೆ, ಹುಣಿಸೆಬೀಜದಂತೆ ಕಪ್ಪಗೆ ಕೂತಿತ್ತು... ಸೆನ್ಸರ್!

ಮೀಟರ್ ಒಡೆದಿತ್ತು. ಸೆನ್ಸರನ್ನು ಅವಳು ತೆಗೆದೇ ಇರಲಿಲ್ಲ.

'ಅಯ್ಯೋ! ಅವನು ಕಾಯುತ್ತಿದ್ದ ಆ ಹೆಣ್ಣು... ನಾನು ಉರಿದುಕೊಂಡ ಆ ಹೆಣ್ಣು... ನಾನೇ!'

* * *

"ನಾಳೆ ನಾನು ಹೋಗದೇ ಇದ್ದರೆ?" ಎಲ್ಲವನ್ನೂ ಹೇಳಿ, ಅಜ್ಜಿಯ ತೊಡೆಯ ಮೇಲೆ ಮುಖವಿಟ್ಟು ಕೇಳಿದಳು.

"ಅಂಕಿ ಬರಲಿಲ್ಲ ಅಂತ ಅವನು ನೀರೊಳಗೆ ಹುಡುಕೋಕೆ ಇಳೀತಾನೆ."

"ನಿಜ ಹೇಳಿದರೆ ನನ್ನ ಮುಖಾನೂ ನೋಡಲ್ಲ ಅಜ್ಜಿ."

ಮುದುಕಿ ಮೊಮ್ಮಗಳ ತಲೆ ಸವರಿದಳು. ಹೊಳೆಗೆ ತೇಲಿಬಿಡಲೆಂದು ಅವಳು ಮಾಡುತ್ತಿದ್ದ ಮೇಣದ ಹೂಗಳ ಮೇಣ ಬೆರಳಿಗೆ ಮೆತ್ತಿತ್ತು.

"ನಿನ್ನ ಮುಖ ನೋಡದೇ ಇರೋಕಾದರೂ ಅವನು ಬದುಕಿರಬೇಕಲ್ಲ ಮಗಳೇ."

* * *

ಬೆಳಕಿನ್ನೂ ಮಂಜಿನಲ್ಲಿ ಹಾಲಿನಂತೆ ಕದಡಿತ್ತು. ಥನ್ವಾ ತಿರುವಿಗೆ ಬಂದಾಗ ಬುವಾಲೈ ಬೇಲಿಯ ಆಚೆ ಇರಲಿಲ್ಲ. ಅವನ ದಾರಿಗೆ ಅಡ್ಡಲಾಗಿ, ಕುಸಿದ ದಡಕ್ಕೆ ಬೆನ್ನು ಹಾಕಿ ನಿಂತಿದ್ದಳು.

"ನೀನ್ಯಾಕಿಲ್ಲಿ? ಹೋಗು! ಅವಳು ಬರೋ ಹೊತ್ತು."

"ಆಯ್ ಥನ್ವಾ... ಮೀಟರ್ ನೋಡಿ."

ಆಯ್ ಎಂದರೆ ಅವಳ ಊರಿನಲ್ಲಿ ಅಣ್ಣನಿಗೂ ಸಲ್ಲುವ ಮಾತು, ಮನಸ್ಸು ಕೊಟ್ಟವನಿಗೂ ಸಲ್ಲುವ ಮಾತು. ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು.

ಅವಳು ತನ್ನ ಸೈಕಲ್ಲನ್ನು ಅವನದರ ಪಕ್ಕಕ್ಕೆ ತಂದು, ಮುಂದಿನ ಚಕ್ರ ಎತ್ತಿ, ಅಂಗೈಯಿಂದ ಜೋರಾಗಿ ತಿರುಗಿಸಿದಳು.

ನಿಂತ ಅವನ ಸೈಕಲ್ಲಿನ ಮೀಟರಿನಲ್ಲಿ ಅಂಕಿ ಎದ್ದಿತು. ಏಳು. ಎಂಟು. ಒಂಬತ್ತು.

"ಲಮ್ದುವಾನ್..." ಎಂದ ಅವನು, ಮೀಟರಿನ ಮೇಲೆ ಬಗ್ಗಿ.

ಬುವಾಲೈ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ... ಸೊನ್ನೆ.

ಮತ್ತೆ ತಿರುಗಿಸಿದಳು. ಮತ್ತೆ ಅಂಕಿ. ಮತ್ತೆ ಸೊನ್ನೆ.

"ಅವಳಲ್ಲ," ಎಂದಳು, ಕಣ್ಣೀರಿನ ನಡುವೆ. "ನಾನು. ದಿನಾ ಬೇಲಿಯ ಆಚೆ ಬರ್ತಿದ್ದವಳು ನಾನೇ. ನನ್ನ ಚಕ್ರದಲ್ಲಿ ಸೆನ್ಸರ್ ಇರೋದು ನನಗೇ ಮರೆತುಹೋಗಿತ್ತು."

"ಯಾಕೆ?"

"ನೀವು ಯಾವಳನ್ನೋ ನೋಡೋಕೆ ಬರ್ತೀರಿ ಅಂದ್ಕೊಂಡೆ. ಸಹಿಸೋಕಾಗಲಿಲ್ಲ... ಮೊದಲ ದಿನಾನೇ ನನ್ನ ಮನಸ್ಸು ನಿಮ್ಮ ಹಿಂದೆ ಬಂದುಬಿಟ್ಟಿತ್ತು."

ಹೊಳೆ ಗೊಣಗುತ್ತಿತ್ತು. ಅವನು ನಿಂತ ಚಕ್ರವನ್ನು ಒಮ್ಮೆ ಮುಟ್ಟಿ ನೋಡಿದ.

"ಲಮ್ದುವಾನ್ ಇವತ್ತು ಇನ್ನೊಂದು ಸಲ ಸತ್ತಳು," ಎಂದ ಕೊನೆಗೆ. "ಈ ಸಲ ಕಳಿಸಿದವಳು ನೀನು."

ಸೈಕಲ್ ತಿರುಗಿಸಿ ತಳ್ಳಿಕೊಂಡು ನಡೆದ.

ಹೊಳೆಯ ಕಡೆಗಲ್ಲ. ಊರಿನ ಕಡೆಗೆ.

ಬುವಾಲೈ ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ, ಭಿಕ್ಷುಗಳ ಮುಂದೆ ಪ್ರಾರ್ಥಿಸುವ ಹಾಗೆ ಕೈಮುಗಿದಳು. 'ಸಾಧು... ಸಾಧು... ನನ್ನನ್ನು ಬಿಟ್ಟುಹೋದರೂ ಪರವಾಗಿಲ್ಲ. ಆ ಕಡೆ ಹೋದನಲ್ಲ, ಅಷ್ಟು ಸಾಕು.'

* * *

ಅನಂತರ ಅವನು ಕಾಣಲಿಲ್ಲ. ಗಾದಿ ಮನೆಯ ಮುಂದೆ ಹಾದುಹೋಗುವಾಗ ಹತ್ತಿ ಹಿಂಜುವ ಬಿಲ್ಲಿನ ಝೇಂಕಾರ ಕೇಳಿಸುತ್ತಿತ್ತು. ಬದುಕಿದ್ದಾನೆ ಎಂದು ಅವಳ ಎದೆ ಅದಕ್ಕೆ ತಾಳ ಹಾಕುತ್ತಿತ್ತು. ಒಳಗೆ ಇಣುಕುವ ಧೈರ್ಯ ಮಾತ್ರ ಬರಲಿಲ್ಲ.

ಹುಣ್ಣಿಮೆಯ ದಿನ, ಭಿಕ್ಷುಗಳು ಬೀದಿ ದಾಟಿದ ಮೇಲೆ, ಅರ್ಧ ತೆರೆದ ಬಾಗಿಲಲ್ಲಿ ಒಂದು ನೆರಳು ನಿಂತಿತು.

"ವೈರ್ ಇರೋದೇ ಬೇಕು."

ಬುವಾಲೈಯ ಕೈಯಿಂದ ಪಾನಾ ಜಾರಿ ಟಣ್ಣೆಂದು ಬಿತ್ತು.

"ಬಂದ್ಯಾ ಮಗಾ?" ಅಜ್ಜಿ ಒಳಗಿಂದಲೇ ಕೂಗಿದಳು. "ಬೇಗ ಏನಾದ್ರೂ ಹೇಳು ಇವಳಿಗೆ! ನಿನ್ನೆ ಟ್ಯೂಬಿಗೆ ಹಾಕೋ ತೇಪೇನ ನನ್ನ ಚಪ್ಪಲಿಗೆ ಹಾಕಿದಾಳೆ. ನಾನು ನಡೆದರೆ ನೆಲ ಬಿಡ್ತಿಲ್ಲ!"

ಥನ್ವಾ ನಕ್ಕ. ಕಣ್ಣು ಮುಟ್ಟುವಂಥ ನಗು. ಹಳೆಯ ಮೀಟರನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡಿದ್ದ.

"ನಿನ್ನ ಮೇಲೆ ಸಿಟ್ಟಿತ್ತು," ಎಂದ ಮೆಲ್ಲನೆ. "ಮಲಗಿದೆ. ಒಂದು ವರ್ಷದ ಮೇಲೆ ಮೊದಲ ಸಲ ನಿದ್ದೆ ಬಂತು. ಎದ್ದು ಅಂಟನ್ನ ತಿಂದೆ, ರುಚಿ ಗೊತ್ತಾಯ್ತು. ಆಮೇಲೆ ಅನ್ನಿಸಿತು... ಹೋದವಳಿಗೆ ಅಂತ ಕಾಯ್ತಾ ಕೂತಿದ್ದಾಗ ಬಂದವಳು ಯಾರು? ಆ ಚಳಿಯಲ್ಲಿ, ದಿನಾ?"

ಅವಳು ತಲೆಯೆತ್ತಲಿಲ್ಲ. ಸೆನ್ಸರ್ ಕೂರಿಸಿ, ತಂತಿಯನ್ನು ಫೋರ್ಕಿಗೆ ಸುತ್ತಿ, ಹ್ಯಾಂಡಲ್‌ವರೆಗೆ ತಂದಳು. ಅವನು ತಂತಿಯ ಕೊನೆ ಹಿಡಿದುಕೊಟ್ಟ. ಬೆರಳು ತಗುಲಿತು.

ಬೆಚ್ಚಗಿತ್ತು!

ಅಜ್ಜಿ ಬಾಳೆದಿಂಡಿನ ಪುಟ್ಟ ಗೋಪುರ ಕಟ್ಟಿ, ಮೇಣದ ಹೂಗಳನ್ನು ಚುಚ್ಚಿಟ್ಟಿದ್ದಳು. ಕೆಡುಕನ್ನು ಹೊಳೆಗೆ ತೇಲಿಬಿಡುವ ಗೋಪುರ. ಥನ್ವಾ ಕತ್ತರಿಸಿದ ತನ್ನ ಉಗುರು, ಒಂದೆಳೆ ಕೂದಲು ಅದರೊಳಗೆ ಇಟ್ಟ. ಅದರ ಮೇಲೆ ಹಳೆಯ ಮೀಟರ್.

"ಬಿಟ್ಟ ಮೇಲೆ ಹಿಂದೆ ತಿರುಗಿ ನೋಡಬಾರದು," ಎಂದಳು ಅಜ್ಜಿ. "ನೋಡಿದರೆ ಅದೂ ತಿರುಗಿ ಬರುತ್ತೆ."

ಹೊಳೆಯ ಮೆಟ್ಟಿಲಲ್ಲಿ ಥನ್ವಾ ಕಣ್ಣು ಮುಚ್ಚಿ ಕೈಮುಗಿದ. "ಹೋಗಿ ಬಾ ತಂಗೀ... ನಿಧಾನವಾಗಿ ಹೋಗು."

ಗೋಪುರ ನೀರಿಗಿಟ್ಟವಳು ಬುವಾಲೈ. ಸುತ್ತಮುತ್ತ ಒಂದು ಸೈಕಲ್ಲೂ ಇರಲಿಲ್ಲ. ಎರಡನ್ನೂ ಮೇಲೆ ರಸ್ತೆಯಲ್ಲಿ ಬಿಟ್ಟು ಬಂದಿದ್ದರು.

ಕೈ ಬಿಡುವ ಹೊತ್ತಿಗೆ ಅವಳ ಕಣ್ಣು ಮೀಟರಿನ ಮೇಲೆ ಬಿತ್ತು.

ಒಂಬತ್ತು.

ಗೋಪುರ ಅವಳ ಬೆರಳಿನಿಂದ ಜಾರಿತು.

ಎಂಟು... ಏಳು... ಯಾರೋ ಅವಸರವಿಲ್ಲದೆ, ಪೆಡಲ್ ತುಳಿಯುವುದನ್ನು ಬಿಟ್ಟು ಸುಮ್ಮನೆ ಉರುಳಿಕೊಂಡು ಹೋಗುತ್ತಿರುವಂತೆ... ಮಂಜು ಗೋಪುರವನ್ನು ಮೆಲ್ಲನೆ ಒಳಗೆ ಕರೆದುಕೊಂಡಿತು.

ಇಬ್ಬರೂ ಹೊಳೆಗೆ ಬೆನ್ನು ಹಾಕಿ ಮೆಟ್ಟಿಲೇರಿದರು. ಅವಳು ಅವಸರವಾಗಿ ಹೆಜ್ಜೆ ಹಾಕಿದಳು. ಅವನು ಅವಳ ಕೈ ಹಿಡಿದುಕೊಂಡ.

"ಏನೋ ಕಂಡಿದೀಯ," ಎಂದ.

ಅವಳು ಕಾಲ ಕೆಳಗಿನ ಮೆಟ್ಟಿಲನ್ನೇ ನೋಡುತ್ತ ಹತ್ತಿದಳು.

"ನಾನು ಕೇಳಲ್ಲ."

"ಕೇಳಿದರೆ ಸುಳ್ಳು ಹೇಳೋಕಾಗಲ್ಲ ನನಗೆ."

"ಗೊತ್ತು. ಅದಕ್ಕೇ ಕೇಳಲ್ಲ."

ಸೈಕಲ್ ಹತ್ತಿದರು. ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ಅಲ್ಲ, ಒಂದೇ ಹಾದಿ. ಅವನ ಹೊಸ ಮೀಟರಿನಲ್ಲಿ ಅವನ ಚಕ್ರದ ವೇಗ ಮಾತ್ರ.

"ಬುವಾಲೈ, ಇದರಲ್ಲೊಂದು ತೊಂದರೆ ಇದೆ ಕಣೇ," ಎಂದ ಸ್ವಲ್ಪ ದೂರ ಹೋದ ಮೇಲೆ. "ನಿನ್ನ ವೇಗ ನನಗೆ ಕಾಣಲ್ಲ. ಈ ಮಂಜಲ್ಲಿ ನೀನು ಜೊತೇಲೇ ಇದೀಯ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅವಳು ಪೆಡಲ್ ಒತ್ತಿ ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದಳು.

"ಆಯ್... ಹಿಂದೆ ನೋಡಬಾರದು ಅಂದಿದಾಳೆ ಅಜ್ಜಿ. ಪಕ್ಕಕ್ಕೆ ನೋಡಬಾರದು ಅಂದಿಲ್ಲವಲ್ಲ!"

ಅವನು ಪಕ್ಕಕ್ಕೆ ನೋಡಿದ.