ಪುಸ್ತಕದಲ್ಲಿಲ್ಲದ ಕೆಂಪು ದಾರ

"ನಿಮ್ಮ ವಿಮರ್ಶೇಲಿ ಹೇಳಿರೋ ಚಿತ್ರ ಆ ಪುಸ್ತಕದಲ್ಲೇ ಇಲ್ಲ," ಎನ್ನುತ್ತಾ ಅವನು ನನ್ನ ಮೇಜಿನ ಮೇಲೆ ಭಾನುವಾರದ ಪುರವಣಿ ಹರವಿದ.

ಮೂರು ವರ್ಷಗಳ ನಂತರ ಅವನು ನನ್ನೊಡನೆ ಆಡಿದ ಮಾತು ಇದು. ಅವನ ಪಾಲಿಗೆ ಮೊತ್ತಮೊದಲನೆಯದು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಅವನ ಎರಡು ವರ್ಷಗಳ ನೆನಪು ಅಳಿಸಿಹೋಗಿತ್ತು; ನಾನು ಅವನ ಬದುಕಿನಲ್ಲಿದ್ದದ್ದು ಆ ಎರಡು ವರ್ಷಗಳಲ್ಲೇ. "ಬಲವಂತವಾಗಿ ನೆನಪಿಸಬೇಡಮ್ಮ, ಹೆದರ್ಕೊಳ್ತಾನೆ," ಎಂದು ಅವನ ಅಕ್ಕ ಕೈಮುಗಿದಿದ್ದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬರೆಯುವ ಕೈಗೆ ಹಾಕಲಿಲ್ಲ.

ಅನುವಾದದ ಮಾತುಗಳನ್ನು ಮಾಂಗಾ ಎಂಬ ಜಪಾನಿ ಚಿತ್ರಕಥೆಗಳ ಮಾತಿನ ಬಲೂನುಗಳೊಳಗೆ ಕೂರಿಸುವುದು ಅವನ ಕೆಲಸ. ನನ್ನ ವಿಮರ್ಶೆಗೆ ಬಂದ ಪುಸ್ತಕವೂ ಅವನ ಕೈದಾಟಿ ಬಂದದ್ದೇ. ಆ ಮಾಂಗಾದ ಊರಿನಲ್ಲಿ ಒಬ್ಬರು ಮರೆತದ್ದು ಇನ್ಯಾರೋ ಅಪರಿಚಿತರಿಗೆ ನೆನಪಾಗುತ್ತದೆ. ಹೆಂಗಸೊಬ್ಬಳು ತನ್ನೊಳಗೆ ಸೇರಿದ ಸತ್ತವನೊಬ್ಬನ ನೆನಪಿನ ದಾರಿ ಹಿಡಿದು ಅವನ ಮನೆಗೇ ಹೋಗುತ್ತಾಳೆ. ಒಳಗಿನವರು ಕಾಯುತ್ತಿದ್ದವರಂತೆ ಬಾಗಿಲು ತೆಗೆಯುತ್ತಾರೆ. ವಿಮರ್ಶೆಗೆಂದು ಓದುವಾಗ ನನಗೆ ಮೈ ಜುಮ್ಮೆಂದಿತ್ತು. ಅವನ ಕಣ್ಣಿಗೆ ಬೀಳಲಿ ಎಂದು ಬೇಕೆಂದೇ ಒಂದು ಸುಳ್ಳು ಸೇರಿಸಿದ್ದೆ: ಇನ್ನೂರ ಹನ್ನೆರಡನೇ ಪುಟದಲ್ಲಿ ಅವಳು ಅವನ ಮುರಿದ ಕನ್ನಡಕಕ್ಕೆ ಕೆಂಪು ದಾರ ಸುತ್ತುತ್ತಾಳೆ ಎಂದು.

"ಕಪ್ಪು ಬಿಳುಪು ಪುಸ್ತಕದಲ್ಲಿ ಕೆಂಪು ದಾರ ಹೇಗೆ ಕಾಣಿಸ್ತು ನಿಮಗೆ?"

"ನಂಗೆ ಕಣ್ಣು ಸ್ವಲ್ಪ ಜಾಸ್ತೀನೇ ಕಾಣ್ಸುತ್ತೆ," ಎಂದೆ.

ಅವನ ಎಡಹುಬ್ಬು ಮಾತ್ರ ಮೇಲೇರಿತು, ಹಿಂದಿನಂತೆಯೇ.

ಹೊರಗೆ ಹಾಡಹಗಲು. ಆದರೂ ಅವನು ದನಿ ತಗ್ಗಿಸಿದ. "ದಾರಾನ ಅವಳು ಹಲ್ಲಲ್ಲಿ ಕಚ್ಚಿ ಹರೀತಾಳೆ. ಆಮೇಲೆ ಆ ಕನ್ನಡಕ ತಾನೇ ಹಾಕ್ಕೊಂಡು ನನ್ನ ಅಣಕಿಸ್ತಾಳೆ. ಇದನ್ನ ನೀವು ಬರೆದಿಲ್ಲ. ಪುಸ್ತಕದಲ್ಲೂ ಇಲ್ಲ. ನಾಲ್ಕು ದಿನದಿಂದ ಕಣ್ಮುಂದೆ ಬರ್ತಿದೆ, ಮುಖ ಮಾತ್ರ ಖಾಲಿ. ಯಾರದೋ ನೆನಪು ನನ್ನೊಳಗೆ ಸೇರ್ಕೊಂಡಿದ್ಯಾ?"

ಅವನ ಅಕ್ಕನಿಗೆ ಕೊಟ್ಟ ಮಾತು ನೆನಪಾಯಿತು. ಸಾಕಾಗಿತ್ತು ನನಗೆ; ಮಾತು ಮುರಿದೆ.

"ಯಾರದ್ದೋ ಅಲ್ಲ, ನಿಮ್ಮದೇ. ಅವಳು ನಾನೇ."

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಹಣೆ, ಕಣ್ಣು, ತುಟಿ, ಒಂದೊಂದಾಗಿ. "ಗುರುತು ಸಿಗ್ತಿಲ್ಲ," ಎಂದ ಕೊನೆಗೆ.

ಅಳು ಉಕ್ಕಿ ಬಂತು, ತಡೆದುಕೊಂಡೆ. "ಹೆದರಿಕೆ ಆಗ್ತಿದ್ಯಾ?"

"ಆಗ್ತಿದೆ. ಈ ಜಗಳಕ್ಕೂ ಬರ್ದೇ ಇದ್ದಿದ್ರೆ ನಿಮ್ಮನ್ನ ನೋಡ್ತಾನೇ ಇರ್ಲಿಲ್ವಲ್ಲ ಅಂತ."

ಅವನು ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡು ಕೂತ.

"ನೆನಪು ಬರುತ್ತೋ ಬಿಡುತ್ತೋ ಗೊತ್ತಿಲ್ಲ," ಎಂದ. "ನಾನಂತೂ ಇಲ್ಲಿಂದ ಏಳಲ್ಲ."